ಮೇಕೆ ಹಾಲು ಮತ್ತು ಹಸುವಿನ ಹಾಲು: ಪೌಷ್ಟಿಕ ವ್ಯತ್ಯಾಸಗಳು

ಮೇಕೆ ಹಾಲು ಮತ್ತು ಹಸುವಿನ ಹಾಲಿನ ಪೌಷ್ಟಿಕ ವ್ಯತ್ಯಾಸವೆಂದರೆ, ಮೆಲುಕು ಹಾಕುವ ಈ ಎರಡು ಸಾಕುಪ್ರಾಣಿಗಳ ಹಾಲಿನಲ್ಲಿರುವ ಕೊಬ್ಬು, ಪ್ರೋಟೀನ್, ಸಕ್ಕರೆ, ಖನಿಜ ಮತ್ತು ವಿಟಮಿನ್‌ಗಳ ಪ್ರಮಾಣದಲ್ಲೂ ರಚನೆಯಲ್ಲೂ ಕಾಣುವ ಭೇದ. ನೀರು, ಕೊಬ್ಬು, ಪ್ರೋಟೀನ್ ಮುಂತಾದ ಮುಖ್ಯ ಘಟಕಗಳ ಒಟ್ಟು ಪ್ರಮಾಣದಲ್ಲಿ ಇವೆರಡರ ಅಂತರ ಸಣ್ಣದು. ಒಂದೇ ಜಾತಿಯ ಎರಡು ತಳಿಗಳ ನಡುವೆ ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ ಅಂತರವಿರುತ್ತದೆ. ಗಮನಾರ್ಹ ಭೇದವಿರುವುದು ಮೂರು ಕಡೆ: ಕೊಬ್ಬಿನ ಗೋಳಗಳ ಗಾತ್ರ ಮತ್ತು ಕೊಬ್ಬಿನಾಮ್ಲಗಳ ಬಗೆ, ಕೇಸೀನ್ ಎಂಬ ಪ್ರೋಟೀನಿನ ಒಳವಿಂಗಡಣೆ, ಫೋಲೇಟ್ ಮತ್ತು ಬಿ12 ಎಂಬ ಎರಡು ವಿಟಮಿನ್‌ಗಳ ಪ್ರಮಾಣ. ಮೊದಲ ಎರಡು ಭೇದಗಳು ಹಾಲಿನ ರುಚಿ, ವಾಸನೆ, ಹೆಪ್ಪುಗಟ್ಟುವಿಕೆ ಮತ್ತು ಜೀರ್ಣಕ್ರಿಯೆಗೆ ಸಂಬಂಧಿಸಿದ್ದರೆ, ಮೂರನೆಯದು ಆರೋಗ್ಯದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು.

ಪರಿಭಾಷೆ

ಕನ್ನಡದಲ್ಲಿ ಆಡು ಮತ್ತು ಮೇಕೆ ಒಂದೇ ಪ್ರಾಣಿಯ ಎರಡು ಹೆಸರುಗಳು. ಗಂಡು ಮೇಕೆ ಹೋತ. ಹಸುವಿಗೆ ಉತ್ತರ ಕರ್ನಾಟಕದಲ್ಲಿ ಆಕಳು ಎಂಬ ಹೆಸರೇ ರೂಢಿಯಲ್ಲಿದೆ. ಕುರಿ ಬೇರೆಯೇ ಪ್ರಾಣಿ. ಅದರ ಹಾಲಿನಲ್ಲಿ ಕೊಬ್ಬು ನೂರಕ್ಕೆ 7ರಷ್ಟು, ಪ್ರೋಟೀನ್ ಸುಮಾರು 6ರಷ್ಟು ಇರುವುದರಿಂದ ಮೇಕೆ ಹಾಲಿನೊಂದಿಗೆ ಅದನ್ನು ಒಂದೇ ಗುಂಪಿಗೆ ಸೇರಿಸುವಂತಿಲ್ಲ. ಈ ಲೇಖನದಲ್ಲಿ ಹಸುವಿನ ಹಾಲು ಎಂದಾಗ ಕೆನೆ ತೆಗೆಯದ ಹಾಲು ಎಂದು ತಿಳಿಯಬೇಕು. ಹಾಲು ಒಡೆದಾಗ ಗಟ್ಟಿಯಾಗಿ ಬೇರ್ಪಡುವ ಪ್ರೋಟೀನ್ ಕೇಸೀನ್. ಉಳಿಯುವ ತಿಳಿನೀರು ಹಾಲೊಡಕು. ಕೇಸೀನ್ ಹಾಲಿನಲ್ಲಿ ಬಿಡಿಬಿಡಿಯಾಗಿ ಕರಗಿರದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ನೆರವಿನಿಂದ ಸಣ್ಣ ಉಂಡೆಗಳಾಗಿ ತೇಲುತ್ತದೆ. ಈ ಉಂಡೆಗೆ ಮಿಸೆಲ್ ಎಂದು ಹೆಸರು.

ಹಿನ್ನೆಲೆ

ಮೇಕೆಯ ಪೂರ್ವಜ ಪಶ್ಚಿಮ ಏಷ್ಯಾದ ಬೆಜೋವಾರ್ ಎಂಬ ಕಾಡುಮೇಕೆ. ಸುಮಾರು 10,000 ವರ್ಷಗಳ ಹಿಂದೆಯೇ ಅದನ್ನು ಪಳಗಿಸಿದ ಕುರುಹುಗಳು ಇರಾನಿನ ಜಾಗ್ರೋಸ್ ಬೆಟ್ಟಸಾಲಿನ ಗಂಜ್ ದರೆ ನೆಲೆಯಲ್ಲಿ ದೊರೆತಿವೆ. ಹಸು ಆರಾಕ್ಸ್ ಎಂಬ, ಈಗ ಅಳಿದುಹೋಗಿರುವ ಕಾಡುದನದ ಸಂತತಿ. ಗೂನು ಇಲ್ಲದ ಹಸುವನ್ನು ಪಶ್ಚಿಮ ಏಷ್ಯಾದಲ್ಲೂ, ಗೂನುಳ್ಳ ಭಾರತೀಯ ಹಸುವನ್ನು ಸಿಂಧೂ ಕಣಿವೆಯ ಆಸುಪಾಸಿನಲ್ಲೂ ಬೇರೆಬೇರೆಯಾಗಿ ಪಳಗಿಸಲಾಯಿತು.

ಎರಡು ಹಾಲುಗಳ ಗುಣಭೇದವನ್ನು ಭಾರತೀಯ ವೈದ್ಯಗ್ರಂಥಗಳು ಬಹಳ ಹಿಂದೆಯೇ ಗುರುತಿಸಿವೆ. ಚರಕಸಂಹಿತೆ ಎಂಟು ಬಗೆಯ ಹಾಲುಗಳನ್ನು ಹೆಸರಿಸಿ ಗುಣ ಹೇಳುತ್ತದೆ. ಆಯುರ್ವೇದದಲ್ಲಿ ಹಸುವಿನ ಹಾಲು ಗುರು, ಅಂದರೆ ಜೀರ್ಣಕ್ಕೆ ಭಾರ, ಆದರೆ ಬಲವರ್ಧಕ. ಮೇಕೆ ಹಾಲು ಲಘು ಮತ್ತು ಗ್ರಾಹಿ, ಅಂದರೆ ಹಗುರ ಮತ್ತು ಭೇದಿಯನ್ನು ಹಿಡಿದು ನಿಲ್ಲಿಸುವಂಥದ್ದು. ಕ್ಷಯ, ಕೆಮ್ಮು ಮತ್ತು ರಕ್ತಪಿತ್ತ ಎಂಬ ರಕ್ತಸ್ರಾವದ ರೋಗದಲ್ಲಿ ಮೇಕೆ ಹಾಲನ್ನು ಹೇಳಿದೆ. ಮೇಕೆ ಸಣ್ಣ ಮೈಯ ಪ್ರಾಣಿ, ಕಹಿ ಮತ್ತು ಖಾರದ ಸೊಪ್ಪು ತಿನ್ನುತ್ತದೆ, ನೀರು ಕಡಿಮೆ ಕುಡಿಯುತ್ತದೆ, ಸದಾ ಓಡಾಡುತ್ತದೆ ಎಂಬುದು ಈ ಗ್ರಂಥಗಳು ಕೊಡುವ ಕಾರಣ. ಪ್ರಾಣಿಯ ಮೇವಿಗೂ ಹಾಲಿನ ಗುಣಕ್ಕೂ ನಂಟಿದೆ ಎಂಬ ಈ ಊಹೆಯ ತಿರುಳು ಆಧುನಿಕ ವಿಶ್ಲೇಷಣೆಗೆ ವಿರುದ್ಧವಾಗಿಲ್ಲ.

ಆಧುನಿಕ ಭಾರತದಲ್ಲಿ ಮೇಕೆ ಹಾಲಿಗೆ ಹೆಸರು ತಂದವರು ಮಹಾತ್ಮ ಗಾಂಧಿ. ಹಸು ಎಮ್ಮೆಗಳಿಂದ ಹಾಲು ಹಿಂಡಿ ತೆಗೆಯಲು ಅನುಸರಿಸುತ್ತಿದ್ದ ಕ್ರೂರ ಪದ್ಧತಿಗಳ ವಿಷಯ ತಿಳಿದು ಅವರು 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಟ್ಟಿದ್ದರು. 1918ರಲ್ಲಿ ಆಮಶಂಕೆಯಿಂದ ತೀರ ನಿತ್ರಾಣರಾದಾಗ, ವ್ರತ ಕೈಗೊಂಡಾಗ ಮನಸ್ಸಿನಲ್ಲಿದ್ದದ್ದು ಹಸು ಮತ್ತು ಎಮ್ಮೆ ಮಾತ್ರವಲ್ಲವೇ ಎಂಬ ಕಸ್ತೂರಬಾ ಅವರ ಮಾತಿಗೆ ಒಪ್ಪಿ 1919ರಲ್ಲಿ ಮೇಕೆ ಹಾಲು ಕುಡಿಯತೊಡಗಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲ ಎಂಬ ಅಳುಕನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅವರ ಆಯ್ಕೆಗೆ ನೈತಿಕ ಕಾರಣವಿತ್ತೇ ಹೊರತು ಪೌಷ್ಟಿಕ ಕಾರಣವಿರಲಿಲ್ಲ. ಜನಮನದಲ್ಲಿ ಮಾತ್ರ ಅದು ಮೇಕೆ ಹಾಲಿನ ಪಥ್ಯಗುಣಕ್ಕೆ ಸಾಕ್ಷಿಯಾಗಿ ಉಳಿದಿದೆ. 1927ರಲ್ಲಿ ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ, ಹಸುವಿನ ಹಾಲು ಕುಡಿಯದ ಅದೇ ಗಾಂಧಿ, ಗೋಪಾಲನೆಯನ್ನು ಕಲಿಯಲು ಬೆಂಗಳೂರಿನ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆಗೆ ಹೋಗಿದ್ದರು. 1923ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯೇ ಮುಂದೆ ಕರ್ನಾಲ್‌ಗೆ ವರ್ಗವಾಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ.

ಒಟ್ಟಾರೆ ಸಂಯೋಜನೆ

ಕೆಳಗಿನ ಅಂಕಿಗಳು ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕಕ್ಕೆ ಅನುಗುಣವಾಗಿವೆ. ಎಲ್ಲವೂ 100 ಗ್ರಾಂ ಹಾಲಿಗೆ, ಸರಾಸರಿ ಲೆಕ್ಕ.

| ಘಟಕ | ಮೇಕೆ ಹಾಲು | ಹಸುವಿನ ಹಾಲು |
|---|---|---|
| ಶಕ್ತಿ (ಕಿಲೊಕ್ಯಾಲರಿ) | 69 | 61 |
| ಪ್ರೋಟೀನ್ (ಗ್ರಾಂ) | 3.6 | 3.2 |
| ಕೊಬ್ಬು (ಗ್ರಾಂ) | 4.1 | 3.3 |
| ಸಕ್ಕರೆ (ಗ್ರಾಂ) | 4.5 | 4.8 |
| ಕ್ಯಾಲ್ಸಿಯಂ (ಮಿ.ಗ್ರಾಂ) | 134 | 113 |
| ರಂಜಕ (ಮಿ.ಗ್ರಾಂ) | 111 | 84 |
| ಪೊಟ್ಯಾಸಿಯಂ (ಮಿ.ಗ್ರಾಂ) | 204 | 132 |
| ಮೆಗ್ನೀಸಿಯಂ (ಮಿ.ಗ್ರಾಂ) | 14 | 10 |
| ವಿಟಮಿನ್ ಎ (ಮೈಕ್ರೊಗ್ರಾಂ) | 57 | 46 |
| ನಯಾಸಿನ್ (ಮಿ.ಗ್ರಾಂ) | 0.28 | 0.09 |
| ಫೋಲೇಟ್ (ಮೈಕ್ರೊಗ್ರಾಂ) | 1 | 5 |
| ವಿಟಮಿನ್ ಬಿ12 (ಮೈಕ್ರೊಗ್ರಾಂ) | 0.07 | 0.45 |

ಈ ಕೋಷ್ಟಕವನ್ನು ಓದುವಾಗ ಒಂದು ಎಚ್ಚರ ಬೇಕು. ಇಲ್ಲಿನ ಹಸುವಿನ ಹಾಲು ಕೊಬ್ಬನ್ನು ಶೇಕಡಾ 3.25ಕ್ಕೆ ಹೊಂದಿಸಿ ಮಾರುವ ಡೇರಿ ಹಾಲು. ಮೇಕೆ ಹಾಲು ಹೆಚ್ಚು ಕೊಬ್ಬಿನದು, ಹೆಚ್ಚು ಶಕ್ತಿಯದು ಎಂದು ಕಾಣಲು ಇದೂ ಒಂದು ಕಾರಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೀರ್ಘಕಾಲ ಬಳಕೆಯಲ್ಲಿಟ್ಟಿದ್ದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ ಹಸುವಿನ ಹಾಲಿಗೆ 67 ಕಿಲೊಕ್ಯಾಲರಿ ಮತ್ತು 4.1 ಗ್ರಾಂ ಕೊಬ್ಬು, ಮೇಕೆ ಹಾಲಿಗೆ 72 ಕಿಲೊಕ್ಯಾಲರಿ ಮತ್ತು 4.5 ಗ್ರಾಂ ಕೊಬ್ಬು ಎಂದಿದೆ. ಕೊಬ್ಬಿನ ಅಂತರ ಅರ್ಧಕ್ಕೆ ಇಳಿಯುತ್ತದೆ. ಅದೇ ಕೋಷ್ಟಕದಲ್ಲಿ ಮೇಕೆ ಹಾಲಿನ ಸಕ್ಕರೆ ಹಸುವಿನ ಹಾಲಿನದಕ್ಕಿಂತ ತುಸು ಹೆಚ್ಚೇ ಇದೆ. ತಳಿ, ಮೇವು, ಹವಾಮಾನ, ಕರು ಅಥವಾ ಮರಿ ಹಾಕಿ ಎಷ್ಟು ದಿನವಾಯಿತು ಎಂಬುದರ ಮೇಲೆ ಈ ಅಂಕಿಗಳು ಏರಿಳಿಯುತ್ತವೆ.

ಕೊಬ್ಬು

ಹಾಲಿನ ಕೊಬ್ಬು ಸೂಕ್ಷ್ಮ ಗೋಳಗಳ ರೂಪದಲ್ಲಿ ನೀರಿನಲ್ಲಿ ತೇಲುತ್ತಿರುತ್ತದೆ. ಹಸುವಿನ ಹಾಲಿನಲ್ಲಿ ಗೋಳಗಳ ಸರಾಸರಿ ವ್ಯಾಸ ಸುಮಾರು 3ರಿಂದ 4.5 ಮೈಕ್ರೊಮೀಟರ್, ಮೇಕೆ ಹಾಲಿನಲ್ಲಿ 2.5ರಿಂದ 3.5. ಗೋಳ ಸಣ್ಣದಾದಷ್ಟೂ ಅಷ್ಟೇ ಕೊಬ್ಬಿಗೆ ಹೆಚ್ಚು ಮೇಲ್ಮೈ ಸಿಗುತ್ತದೆ; ಕೊಬ್ಬನ್ನು ಕರಗಿಸುವ ಲೈಪೇಸ್ ಕಿಣ್ವ ಕೆಲಸ ಮಾಡಲು ಅದು ಅನುಕೂಲ. ಹಸುವಿನ ಹಾಲನ್ನು ತಣ್ಣಗೆ ಇಟ್ಟರೆ ಕೆಲ ಗಂಟೆಗಳಲ್ಲಿ ಕೆನೆ ಮೇಲೇರಿ ನಿಲ್ಲುತ್ತದೆ. ಗೋಳಗಳನ್ನು ಒಂದಕ್ಕೊಂದು ಅಂಟಿಸಿ ಗೊಂಚಲು ಮಾಡುವ ಅಗ್ಲುಟಿನಿನ್ ಎಂಬ ಪ್ರೋಟೀನ್ ಇದಕ್ಕೆ ಕಾರಣ. ಮೇಕೆ ಹಾಲಿನಲ್ಲಿ ಈ ಅಂಟು ಇಲ್ಲದ್ದರಿಂದ ಕೆನೆ ಬಹಳ ನಿಧಾನವಾಗಿ, ಅರೆಬರೆಯಾಗಿ ಮೇಲೇರುತ್ತದೆ. ಡೇರಿಗಳಲ್ಲಿ ಯಂತ್ರದಿಂದ ಕೊಬ್ಬನ್ನು ಒಡೆದು ಸಮರಸಗೊಳಿಸುವ ಕೆಲಸ ಮೇಕೆ ಹಾಲಿನಲ್ಲಿ ಒಂದು ಮಟ್ಟಿಗೆ ಕೆಚ್ಚಲಿನಲ್ಲೇ ಆಗಿರುತ್ತದೆ. ಮೇಕೆ ಹಾಲನ್ನು ಕಡೆದು ಬೆಣ್ಣೆ ತೆಗೆಯುವುದು ಶ್ರಮದ ಕೆಲಸವಾಗಿರುವುದೂ ಇದರಿಂದಲೇ.

ಎರಡನೆಯ ಭೇದ ಕೊಬ್ಬಿನಾಮ್ಲಗಳದು. ಆರು, ಎಂಟು ಮತ್ತು ಹತ್ತು ಇಂಗಾಲದ ಕೊಂಡಿಗಳಿರುವ ಮೂರು ಆಮ್ಲಗಳಿಗೆ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಹೆಸರು ಬಂದದ್ದೇ ಲ್ಯಾಟಿನ್ ಭಾಷೆಯ ಮೇಕೆ ಎಂಬ ಪದದಿಂದ. ಮೇಕೆ ಹಾಲಿನ ಒಟ್ಟು ಕೊಬ್ಬಿನಾಮ್ಲಗಳಲ್ಲಿ ಇವು ಮೂರೂ ಸೇರಿ ನೂರಕ್ಕೆ 15ರಿಂದ 18ರಷ್ಟಿದ್ದರೆ, ಹಸುವಿನ ಹಾಲಿನಲ್ಲಿ 5ರಿಂದ 9ರಷ್ಟು. ಇವುಗಳಲ್ಲಿ ಮಧ್ಯಮ ಸರಣಿಯವು ಉದ್ದ ಸರಣಿಯ ಕೊಬ್ಬಿನಂತೆ ದುಗ್ಧನಾಳದ ಸುತ್ತುದಾರಿ ಹಿಡಿಯದೆ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಬೇಗ ಉರಿದು ಶಕ್ತಿಯಾಗುತ್ತವೆ. ಕೊಬ್ಬನ್ನು ಹೀರಿಕೊಳ್ಳಲಾಗದ ರೋಗಿಗಳಿಗೆ ವೈದ್ಯರು ಮಧ್ಯಮ ಸರಣಿಯ ಕೊಬ್ಬನ್ನು ಪ್ರತ್ಯೇಕವಾಗಿ ಕೊಡುವುದುಂಟು. ಆದರೆ ಆ ಚಿಕಿತ್ಸೆಯ ಪ್ರಮಾಣಕ್ಕೂ ಒಂದು ಲೋಟ ಮೇಕೆ ಹಾಲಿನಲ್ಲಿರುವ ಪ್ರಮಾಣಕ್ಕೂ ಹೋಲಿಕೆಯಿಲ್ಲ.

ಮೇಕೆ ಹಾಲಿನ ವಿಶಿಷ್ಟ ವಾಸನೆಗೂ ಕೊಬ್ಬೇ ಕಾರಣ. ಗೋಳದ ಹೊದಿಕೆ ಹರಿದು ಕೊಬ್ಬಿನಾಮ್ಲಗಳು ಬಿಡುಗಡೆಯಾದಾಗ, ಅದರಲ್ಲೂ ಕವಲೊಡೆದ ರಚನೆಯ ಈಥೈಲ್ ಆಕ್ಟನೋಯಿಕ್ ಆಮ್ಲ ಅತ್ಯಲ್ಪ ಪ್ರಮಾಣದಲ್ಲಿ ಬಿಡುಗಡೆಯಾದರೂ, ಜನ ಹೋತದ ನಾತ ಎನ್ನುವ ವಾಸನೆ ಹುಟ್ಟುತ್ತದೆ. ಹಿಂಡಿದ ಕೂಡಲೇ ಶುಚಿಯಾಗಿ ತಣಿಸಿದ ಹಾಲಿನಲ್ಲಿ ಇದು ಬಹುತೇಕ ಇರುವುದಿಲ್ಲ. ಹಾಲನ್ನು ಒರಟಾಗಿ ಕದಡಿದರೆ, ತಡವಾಗಿ ತಣಿಸಿದರೆ ಹೆಚ್ಚುತ್ತದೆ.

ಪ್ರೋಟೀನ್

ಎರಡೂ ಹಾಲುಗಳಲ್ಲಿ ಪ್ರೋಟೀನಿನ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಕೇಸೀನ್, ಒಂದು ಪಾಲು ಹಾಲೊಡಕಿನ ಪ್ರೋಟೀನ್. ಅಗತ್ಯ ಅಮೈನೋ ಆಮ್ಲಗಳೆಲ್ಲವೂ ಎರಡರಲ್ಲೂ ಇವೆ. ಈ ದೃಷ್ಟಿಯಿಂದ ಒಂದು ಇನ್ನೊಂದಕ್ಕೆ ಕಡಿಮೆಯಲ್ಲ. ಭೇದವಿರುವುದು ಕೇಸೀನಿನ ಒಳಗೆ. ಹಸುವಿನ ಕೇಸೀನಿನಲ್ಲಿ ಆಲ್ಫಾ-ಎಸ್1 ಎಂಬ ಬಗೆ ನೂರಕ್ಕೆ 40ರ ಸಮೀಪವಿದ್ದು ಅದೇ ಯಜಮಾನ. ಮೇಕೆಯಲ್ಲಿ ಬೀಟಾ ಕೇಸೀನಿನದು ಮೇಲುಗೈ. ಆಲ್ಫಾ-ಎಸ್1 ಎಷ್ಟಿರುತ್ತದೆ ಎಂಬುದು ಆ ಮೇಕೆಗೆ ತಾಯಿತಂದೆಯಿಂದ ಬಂದ ವಂಶವಾಹಿಯನ್ನು ಅವಲಂಬಿಸಿದೆ. ಎ, ಬಿ, ಸಿ ಎಂಬ ಪ್ರಬಲ ರೂಪಗಳಿರುವ ಮೇಕೆಯ ಹಾಲಿನಲ್ಲಿ ಅದು ಸಾಕಷ್ಟಿರುತ್ತದೆ, ಇ ಮತ್ತು ಎಫ್ ರೂಪಗಳಲ್ಲಿ ತಗ್ಗುತ್ತದೆ, ಶೂನ್ಯ ರೂಪದಲ್ಲಿ ಇಲ್ಲವೇ ಇಲ್ಲ. ಒಂದೇ ಹಿಂಡಿನ ಎರಡು ಮೇಕೆಗಳ ಹಾಲಿನ ನಡುವೆ ಈ ಒಂದು ವಿಷಯದಲ್ಲಿ ಅಜಗಜಾಂತರವಿರಬಹುದು. ನಾರ್ವೆಯ ಹಾಲು ಮೇಕೆಗಳಲ್ಲಿ ಶೂನ್ಯ ರೂಪಕ್ಕೆ ಸಮನಾದ ದೋಷ ಬಹಳ ಹರಡಿದ್ದು, ಹಾಲಿನ ಕಮಟು ರುಚಿಗೂ ಚೀಸ್ ಕಡಿಮೆ ಸಿಗುವುದಕ್ಕೂ ಅದೇ ಕಾರಣವೆಂದು ಕಂಡುಬಂದ ಮೇಲೆ ತಳಿ ಆಯ್ಕೆಯ ದಿಕ್ಕನ್ನೇ ಬದಲಿಸಬೇಕಾಯಿತು. ಮೇಕೆ ಹಾಲಿನ ಪ್ರೋಟೀನ್ ಇಂಥದ್ದು ಎಂದು ಒಂದೇ ಮಾತಿನಲ್ಲಿ ಹೇಳುವ ವಿವರಣೆಗಳು ಅಪೂರ್ಣವಾಗುವುದು ಇದರಿಂದ.

ಮೇಕೆ ಹಾಲಿನ ಮಿಸೆಲ್ ಸರಾಸರಿಯಲ್ಲಿ ದೊಡ್ಡದು, ನೀರನ್ನು ಕಡಿಮೆ ಹಿಡಿಯುತ್ತದೆ, ಖನಿಜವನ್ನು ಹೆಚ್ಚು ಹೊತ್ತಿರುತ್ತದೆ. ಆಲ್ಫಾ-ಎಸ್1 ಕಡಿಮೆಯಿದ್ದಲ್ಲಿ ಹೆಪ್ಪುಗಟ್ಟುವ ಮುದ್ದೆ ಮೆತ್ತಗೆ, ಸಡಿಲವಾಗಿ ಆಗುತ್ತದೆ. ಹೊಟ್ಟೆಯಲ್ಲೂ ಹೀಗೆಯೇ: ಹಸುವಿನ ಹಾಲು ಜಠರದ ಆಮ್ಲದಲ್ಲಿ ಗಟ್ಟಿ ಗಡ್ಡೆಗಳಾಗಿ ಒಡೆದರೆ ಮೇಕೆ ಹಾಲು ಸಣ್ಣ ಸಣ್ಣ ಮೆತ್ತನೆಯ ಚೂರುಗಳಾಗಿ ಒಡೆಯುತ್ತದೆ.

ಬೀಟಾ ಕೇಸೀನಿಗೆ ಸಂಬಂಧಿಸಿ ಎ1 ಮತ್ತು ಎ2 ಎಂಬ ವಿಂಗಡಣೆ ಕಳೆದ ಎರಡು ದಶಕಗಳಲ್ಲಿ ಮಾರುಕಟ್ಟೆಯ ಮಾತಾಗಿದೆ. ಈ ಪ್ರೋಟೀನ್ ಸರಪಳಿಯ 67ನೆಯ ಸ್ಥಾನದಲ್ಲಿ ಪ್ರೋಲೀನ್ ಇದ್ದರೆ ಎ2, ಹಿಸ್ಟಿಡೀನ್ ಇದ್ದರೆ ಎ1. ಹೋಲ್‌ಸ್ಟೀನ್ ಮುಂತಾದ ಯುರೋಪಿನ ತಳಿಗಳಲ್ಲಿ ಎರಡೂ ಇವೆ. ಭಾರತದ ಗೂನುಳ್ಳ ಹಸುಗಳಲ್ಲಿ ಬಹುಮಟ್ಟಿಗೆ ಎ2. ಮೇಕೆಯ ಬೀಟಾ ಕೇಸೀನೂ ಎ2ನ್ನು ಹೋಲುತ್ತದೆ. ಎ1 ಜೀರ್ಣವಾಗುವಾಗ ಹುಟ್ಟುವ ಬಿಸಿಎಂ-7 ಎಂಬ ತುಣುಕು ಹೃದ್ರೋಗ, ಮಧುಮೇಹಗಳಿಗೆ ಕಾರಣವೆಂಬ ವಾದವನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಪರಿಶೀಲಿಸಿ, ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲವೆಂದು ಹೇಳಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಆಗಸ್ಟ್‌ನಲ್ಲಿ ಪೊಟ್ಟಣಗಳ ಮೇಲಿನ ಎ1, ಎ2 ಘೋಷಣೆಗಳನ್ನು ತೆಗೆಯುವಂತೆ ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು.

ಹಾಲಿನ ಸಕ್ಕರೆ

ಎರಡರಲ್ಲೂ ಮುಖ್ಯ ಸಕ್ಕರೆ ಲ್ಯಾಕ್ಟೋಸ್. ಮೇಕೆ ಹಾಲಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆಯಿದ್ದರೂ ಅಂತರ ಬಹಳ ಸಣ್ಣದು. ಲ್ಯಾಕ್ಟೇಸ್ ಕಿಣ್ವದ ಕೊರತೆಯಿಂದ ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಆಗುವವರಿಗೆ ಮೇಕೆ ಹಾಲು ಪರಿಹಾರವಲ್ಲ. ಅಂಥವರಿಗೆ ಯಾವ ಹಾಲಿನದೇ ಆಗಲಿ ಹುಳಿ ಮೊಸರು, ಮಜ್ಜಿಗೆ ಹೆಚ್ಚು ಒಗ್ಗುತ್ತವೆ. ಲ್ಯಾಕ್ಟೋಸ್ ಅಲ್ಲದೆ ಆಲಿಗೊಸ್ಯಾಕರೈಡ್ ಎಂಬ ಸಂಕೀರ್ಣ ಸಕ್ಕರೆಗಳು ಅತ್ಯಲ್ಪವಾಗಿ ಇರುತ್ತವೆ. ಇವು ಜೀರ್ಣವಾಗದೆ ದೊಡ್ಡ ಕರುಳು ಸೇರಿ ಅಲ್ಲಿನ ಒಳ್ಳೆಯ ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತವೆ. ಮೇಕೆ ಹಾಲಿನಲ್ಲಿ ಲೀಟರಿಗೆ 0.25ರಿಂದ 0.30 ಗ್ರಾಂ ಇದ್ದು, ಹಸುವಿನ ಹಾಲಿಗಿಂತ ನಾಲ್ಕೈದು ಪಟ್ಟು ಹೆಚ್ಚು. ತಾಯಿಹಾಲಿನಲ್ಲಿ ಲೀಟರಿಗೆ 5 ಗ್ರಾಂಗೂ ಮೇಲ್ಪಟ್ಟು ಇರುವುದನ್ನು ನೋಡಿದರೆ ಎರಡೂ ಈ ವಿಷಯದಲ್ಲಿ ಬಡ ಹಾಲುಗಳೇ.

ಖನಿಜಗಳು

ಕ್ಯಾಲ್ಸಿಯಂ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಲೋರೈಡ್ ಇವೆಲ್ಲ ಮೇಕೆ ಹಾಲಿನಲ್ಲಿ ಸ್ವಲ್ಪ ಹೆಚ್ಚು. ನಾಲಿಗೆಗೆ ತಗಲುವ ಸೂಕ್ಷ್ಮ ಉಪ್ಪಿನ ರುಚಿ ಬರುವುದು ಇದರಿಂದ. 200 ಗ್ರಾಂ ಮೇಕೆ ಹಾಲಿನಲ್ಲಿ ಸುಮಾರು 270 ಮಿ.ಗ್ರಾಂ ಕ್ಯಾಲ್ಸಿಯಂ ಸಿಕ್ಕರೆ ಅಷ್ಟೇ ಹಸುವಿನ ಹಾಲಿನಲ್ಲಿ 225 ಮಿ.ಗ್ರಾಂ ಸಿಗುತ್ತದೆ, ದಿನದ ಅಗತ್ಯ 1,000 ಮಿ.ಗ್ರಾಂ ಎಂದಿಟ್ಟುಕೊಂಡರೆ ಇದು ದೊಡ್ಡ ಅಂತರವಲ್ಲ. ಕಬ್ಬಿಣ ಎರಡರಲ್ಲೂ ನಗಣ್ಯ. ಮೇಕೆ ಹಾಲು ಕಬ್ಬಿಣದ ಹೀರಿಕೆಯನ್ನು ಸುಧಾರಿಸುತ್ತದೆ ಎಂಬ ಫಲಿತಾಂಶ ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಬಂದಿದೆ. ಅವು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು.

ವಿಟಮಿನ್‌ಗಳು

ಹಸು ತಿಂದ ಹಸಿರು ಮೇವಿನ ಬೀಟಾ ಕ್ಯಾರೋಟೀನ್ ಎಂಬ ಹಳದಿ ದ್ರವ್ಯದಲ್ಲಿ ಒಂದಂಶ ಹಾಗೆಯೇ ಹಾಲಿಗೆ ಇಳಿಯುತ್ತದೆ. ಹಸುವಿನ ತುಪ್ಪದ ಹೊಂಬಣ್ಣ ಅದರದು. ಮೇಕೆ ಅದನ್ನು ಬಹುತೇಕ ಪೂರ್ತಿಯಾಗಿ ವಿಟಮಿನ್ ಎ ಆಗಿ ಪರಿವರ್ತಿಸಿ ಹಾಲಿಗೆ ಬಿಡುವುದರಿಂದ ಮೇಕೆಯ ಹಾಲು, ಬೆಣ್ಣೆ, ತುಪ್ಪ ಎಮ್ಮೆಯದರಂತೆ ಅಚ್ಚ ಬಿಳಿ. ಬಣ್ಣ ನೋಡಿ ಸತ್ವ ಅಳೆಯುವ ರೂಢಿ ಇಲ್ಲಿ ತಪ್ಪುದಾರಿ ತೋರಿಸುತ್ತದೆ: ಬಿಳಿಯಾದ ಹಾಲಿನಲ್ಲೇ ವಿಟಮಿನ್ ಎ ಸಿದ್ಧರೂಪದಲ್ಲಿ ಹೆಚ್ಚಿದೆ. ನಯಾಸಿನ್ ಮೇಕೆ ಹಾಲಿನಲ್ಲಿ ಸುಮಾರು ಮೂರು ಪಟ್ಟು, ರೈಬೋಫ್ಲೇವಿನ್ ಹಸುವಿನ ಹಾಲಿನಲ್ಲಿ ತುಸು ಹೆಚ್ಚು. ವಿಟಮಿನ್ ಸಿ ಮತ್ತು ಡಿ ಎರಡರಲ್ಲೂ ಕೊರತೆ.

ಮೇಕೆ ಹಾಲಿನ ನಿಜವಾದ ಕೊರತೆ ಫೋಲೇಟ್ ಮತ್ತು ಬಿ12. ರಕ್ತಕಣಗಳು ಸರಿಯಾಗಿ ಬೆಳೆಯಲು ಇವೆರಡೂ ಬೇಕು. ಕೋಷ್ಟಕದ ಪ್ರಕಾರ ಫೋಲೇಟ್ ಹಸುವಿನ ಹಾಲಿನ ಐದನೆಯ ಒಂದು ಭಾಗ, ಬಿ12 ಆರನೆಯ ಒಂದು ಭಾಗ. ಕಾಯಿಸಿದಾಗ ಇದ್ದದ್ದರಲ್ಲೂ ಸ್ವಲ್ಪ ನಷ್ಟವಾಗುತ್ತದೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿಯ ವೈದ್ಯರು, ಹೆಚ್ಚುಕಡಿಮೆ ಮೇಕೆ ಹಾಲೊಂದರ ಮೇಲೆ ಬೆಳೆದ ಶಿಶುಗಳಲ್ಲಿ ತೀವ್ರ ರಕ್ತಹೀನತೆಯನ್ನು ಗಮನಿಸಿ ಅದಕ್ಕೆ ಮೇಕೆ ಹಾಲಿನ ರಕ್ತಹೀನತೆ ಎಂದೇ ಹೆಸರಿಟ್ಟರು. ಆಗ ಫೋಲೇಟ್ ಎಂಬ ವಿಟಮಿನ್ ಇನ್ನೂ ಗೊತ್ತಿರಲಿಲ್ಲ. ಮೇಕೆ ಹಾಲಿನಲ್ಲಿ ಏನೋ ವಿಷವಿರಬೇಕು ಎಂಬ ಶಂಕೆಯೂ ಇತ್ತು. ಇದ್ದದ್ದು ವಿಷವಲ್ಲ, ಇಲ್ಲದ್ದು ಫೋಲೇಟ್ ಎಂಬುದು ಆಮೇಲೆ ಸ್ಪಷ್ಟವಾಯಿತು. ಸೊಪ್ಪು, ಕಾಳು, ಬೇಳೆ ತಿನ್ನುವ ದೊಡ್ಡವರಿಗೆ ಫೋಲೇಟ್ ಬೇರೆ ಕಡೆಯಿಂದ ಸಿಗುತ್ತದೆ. ಹಾಲಿನಲ್ಲಿ ಕಡಿಮೆಯಾದರೆ ತೊಂದರೆಯಿಲ್ಲ.

ಬಿ12ರ ಲೆಕ್ಕ ಬೇರೆ. ಅದು ಸಸ್ಯಾಹಾರದಲ್ಲಿ ಸಹಜವಾಗಿ ಸಿಗುವುದಿಲ್ಲ. ಮಾಂಸ, ಮೀನು, ಮೊಟ್ಟೆ ತಿನ್ನದವರಿಗೆ ಹಾಲು ಮತ್ತು ಹಾಲಿನ ಪದಾರ್ಥಗಳೇ ಅದರ ಮೂಲ. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ಎರಡು ಮೈಕ್ರೊಗ್ರಾಂಗೆ ತುಸು ಹೆಚ್ಚು. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಅರ್ಧ ಲೀಟರ್ ಮೇಕೆ ಹಾಲಿನಲ್ಲಿ ಸಿಗುವುದು 0.35 ಮೈಕ್ರೊಗ್ರಾಂ ಮಾತ್ರ. ಹಸುವಿನ ಹಾಲು ಬಿಟ್ಟು ಮೇಕೆ ಹಾಲಿಗೆ ಬದಲಾಗುವ ಶುದ್ಧ ಸಸ್ಯಾಹಾರಿಗಳು ಬಿ12ಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕಾಗುತ್ತದೆ. ಎರಡು ಹಾಲುಗಳ ಹೋಲಿಕೆಗಳಲ್ಲಿ ಭಾರತೀಯರಿಗೆ ಅತ್ಯಂತ ಪ್ರಸ್ತುತವಾದ ಈ ಅಂಶವೇ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಜೀರ್ಣಕ್ರಿಯೆ ಮತ್ತು ಅಲರ್ಜಿ

ಸಣ್ಣ ಕೊಬ್ಬಿನ ಗೋಳ, ಮೆತ್ತನೆಯ ಮುದ್ದೆ, ಮಧ್ಯಮ ಸರಣಿಯ ಕೊಬ್ಬು ಈ ಮೂರು ಕಾರಣಗಳಿಂದ ಮೇಕೆ ಹಾಲು ಬೇಗ ಜೀರ್ಣವಾಗುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಆಧಾರವಿದೆ. ಆರೋಗ್ಯವಂತರಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚಿನ ಮಹತ್ವವಿಲ್ಲ.

ಅಲರ್ಜಿ ಬೇರೆ ವಿಷಯ. ಹಸುವಿನ ಹಾಲಿನ ಅಲರ್ಜಿಯೆಂದರೆ ಅದರ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಗುರುತಿಸುವುದು. ಇದನ್ನು ಲ್ಯಾಕ್ಟೋಸ್ ಒಗ್ಗದಿರುವುದರೊಂದಿಗೆ ಬೆರೆಸುವುದು ಸಾಮಾನ್ಯ ತಪ್ಪು. ಹಸು ಮತ್ತು ಮೇಕೆಯ ಪ್ರೋಟೀನುಗಳ ರಚನೆ ಬಹಳಷ್ಟು ಹೋಲುವುದರಿಂದ ಹಸುವಿನ ಹಾಲಿಗೆ ಅಲರ್ಜಿಯಿರುವ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಮೇಕೆ ಹಾಲಿಗೂ ಪ್ರತಿಕ್ರಿಯಿಸುತ್ತಾರೆ. ಅಂಥವರಿಗೆ ಬದಲಿಯಾಗಿ ಮೇಕೆ ಹಾಲು ಕೊಡುವುದು ಅಪಾಯಕರ. ಹಸುವಿನ ಹಾಲು ಒಗ್ಗಿ ಮೇಕೆ ಹಾಲಿಗೆ ಮಾತ್ರ ಅಲರ್ಜಿಯಿರುವ ವಿರಳ ಪ್ರಕರಣಗಳೂ ಇವೆ.

ಶಿಶು ಆಹಾರ

ಮೊದಲ ಆರು ತಿಂಗಳು ತಾಯಿಹಾಲು ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾಯಿಹಾಲಿನಲ್ಲಿ ಪ್ರೋಟೀನ್ ನೂರಕ್ಕೆ 1ರಷ್ಟು. ಹಸು ಮತ್ತು ಮೇಕೆ ಹಾಲಿನಲ್ಲಿ ಅದರ ಮೂರು ಪಟ್ಟು, ಖನಿಜಗಳೂ ಹಲವು ಪಟ್ಟು. ಎಳೆಯ ಮೂತ್ರಪಿಂಡಗಳಿಗೆ ಈ ಹೊರೆ ತಡೆಯಲಾಗದು. ನೀರು ಬೆರೆಸಿ ತೆಳುಮಾಡಿದರೆ ಶಕ್ತಿ ಮತ್ತು ವಿಟಮಿನ್ ಇನ್ನಷ್ಟು ತಗ್ಗುತ್ತವೆ. ಆದ್ದರಿಂದ ಕರೆದ ಮೇಕೆ ಹಾಲು ತಾಯಿಹಾಲಿಗೆ ಹತ್ತಿರವೆಂಬ ಮಾತು ಸರಿಯಲ್ಲ. ಕಾರ್ಖಾನೆಯಲ್ಲಿ ಫೋಲೇಟ್, ಬಿ12, ಕಬ್ಬಿಣ ಸೇರಿಸಿ ಹದಗೊಳಿಸಿದ ಮೇಕೆ ಹಾಲಿನ ಶಿಶು ಪುಡಿ ಬೇರೆಯದೇ ಪದಾರ್ಥ. ಅದರ ಪ್ರೋಟೀನ್ ಶಿಶು ಆಹಾರಕ್ಕೆ ತಕ್ಕದ್ದೆಂದು ಐರೋಪ್ಯ ಪ್ರಾಧಿಕಾರ 2012ರಲ್ಲಿ ಅಭಿಪ್ರಾಯ ನೀಡಿತು.

ಸುರಕ್ಷತೆ

ಮೇಕೆ ಹಾಲನ್ನು ಹಸಿಯಾಗಿ ಕುಡಿದರೆ ಹೆಚ್ಚು ಗುಣವೆಂಬ ನಂಬಿಕೆ ಹಲವೆಡೆ ಇದೆ. ಇದರ ಅಪಾಯ ಲೋಕಕ್ಕೆ ತಿಳಿದದ್ದು ಮಾಲ್ಟಾ ದ್ವೀಪದಲ್ಲಿ. ಅಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ, ಬಂದು ಹೋಗಿ ಮತ್ತೆ ಬರುವ ಜ್ವರಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಬೇರ್ಪಡಿಸಿದರು. ಅದು ಬರುತ್ತಿದ್ದುದು ಎಲ್ಲಿಂದ ಎಂಬುದು ಮುಂದೆ 18 ವರ್ಷ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದ ವೈದ್ಯ ಥೆಮಿಸ್ಟೋಕ್ಲಿಸ್ ಜಾಮಿಟ್, ನೋಡಲು ಪೂರ್ತಿ ಆರೋಗ್ಯವಾಗಿದ್ದ ಮೇಕೆಗಳಲ್ಲೇ ರೋಗಾಣುವಿರುವುದನ್ನು ತೋರಿಸಿದರು. ಮರುವರ್ಷ ಸೇನೆಯಲ್ಲಿ ಮೇಕೆ ಹಾಲು ನಿಲ್ಲಿಸಿದ ಮೇಲೆ ಜ್ವರ ಗಣನೀಯವಾಗಿ ಇಳಿಯಿತು. ಬ್ರುಸೆಲ್ಲೋಸಿಸ್ ಎಂಬ ಈ ರೋಗ ಭಾರತದಲ್ಲೂ ಇದೆ. ಹಸುವಿನ ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಜೊತೆಗೆ ಗೋಕ್ಷಯವೂ ಹರಡಬಹುದು. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣದಿಂದ ಎರಡೂ ರೋಗಾಣುಗಳು ಸಾಯುತ್ತವೆ. ಮನೆಯಲ್ಲಿ ಉಕ್ಕುವಂತೆ ಕಾಯಿಸಿದರೂ ಸಾಕು.

ಉಪಯೋಗಗಳು

ಮೇಕೆ ಹಾಲು ಹೆಚ್ಚಿನ ಶಾಖವನ್ನು ಹಸುವಿನ ಹಾಲಿನಷ್ಟು ತಡೆಯುವುದಿಲ್ಲ, ಬೇಗ ಒಡೆಯುತ್ತದೆ. ದೀರ್ಘಕಾಲ ಕೆಡದ ಪೊಟ್ಟಣದ ಹಾಲು ತಯಾರಿಸುವಾಗ ಇದು ತೊಡಕು. ಮೊಸರು ಹೆಪ್ಪುಗಟ್ಟಿದರೂ ಗಡ್ಡೆ ಮೊಸರಾಗುವುದಿಲ್ಲ, ಸೌಟು ಹಾಕಿದರೆ ಸಡಿಲಗೊಳ್ಳುತ್ತದೆ. ಪನೀರ್ ಮೆತ್ತಗಿರುತ್ತದೆ. ಈ ಮೆತ್ತನೆಯ ಗುಣವನ್ನೇ ಬಳಸಿಕೊಂಡದ್ದು ಫ್ರಾನ್ಸಿನ ಮೇಕೆ ಚೀಸ್ ಪರಂಪರೆ. ಗ್ರೀಸಿನ ಫೆಟಾ ಮುಖ್ಯವಾಗಿ ಕುರಿ ಹಾಲಿನದಾದರೂ ಅದರಲ್ಲಿ ನೂರಕ್ಕೆ 30ರವರೆಗೆ ಮೇಕೆ ಹಾಲು ಬೆರೆಸಲು ಅವಕಾಶವಿದೆ. ನಾರ್ವೆಯ ಒಂದು ಬಗೆಯ ಕಂದು ಚೀಸನ್ನು ಮೇಕೆಯ ಹಾಲೊಡಕನ್ನು ಬತ್ತಿಸಿ, ಮೆಕ್ಸಿಕೋದ ಕಹೇಟಾ ಎಂಬ ಸಿಹಿಯನ್ನು ಮೇಕೆ ಹಾಲಿಗೆ ಸಕ್ಕರೆ ಹಾಕಿ ಕುದಿಸಿ ಮಾಡುತ್ತಾರೆ. ಭಾರತದಲ್ಲಿ ಕಾಫಿ, ಚಹಾ, ಮೊಸರು, ತುಪ್ಪ, ಸಿಹಿತಿಂಡಿಗಳೆಲ್ಲ ಹಸು ಮತ್ತು ಎಮ್ಮೆ ಹಾಲಿನ ಗುಣಕ್ಕೆ ಹೊಂದಿಕೊಂಡು ಬೆಳೆದವು.

ಪ್ರಚಲಿತ ನಂಬಿಕೆಗಳು

ಡೆಂಗಿ ಜ್ವರದಲ್ಲಿ ಮೇಕೆ ಹಾಲು ರಕ್ತದ ಪ್ಲೇಟ್‌ಲೆಟ್ ಏರಿಸುತ್ತದೆ ಎಂಬ ನಂಬಿಕೆ ಭಾರತದ ನಗರಗಳಲ್ಲಿ ಬಲವಾಗಿದ್ದು, ಡೆಂಗಿ ಹಬ್ಬಿದಾಗಲೆಲ್ಲ ಅದರ ಬೆಲೆ ಹಲವು ಪಟ್ಟು ಏರುತ್ತದೆ. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಜ್ವರ ಬಿಟ್ಟ ಕೆಲ ದಿನಗಳಲ್ಲಿ ತಾನೇ ಏರುವುದು ರೋಗದ ಸಹಜ ನಡೆ. ಹಸಿ ಹಾಲನ್ನೇ ಕೊಡಬೇಕೆಂಬ ಹಟ ಇದಕ್ಕೆ ಸೇರಿದರೆ ರೋಗಿಗೆ ಹೊಸ ಸೋಂಕಿನ ಭಯ. ಮೇಕೆ ಹಾಲು ಕ್ಷಾರೀಯ, ಹಸುವಿನದು ಆಮ್ಲೀಯ ಎಂಬ ಮಾತೂ ನಿಜವಲ್ಲ. ಎರಡರ ಪಿಎಚ್ ಮಟ್ಟವೂ 6.5ರಿಂದ 6.8ರ ಆಸುಪಾಸಿನಲ್ಲಿದ್ದು, ಎರಡೂ ತೀರ ಅಲ್ಪ ಆಮ್ಲೀಯ.

ಇಂದಿನ ಸ್ಥಿತಿ

ಜಗತ್ತಿನ ಹಾಲಿನ ಉತ್ಪಾದನೆಯಲ್ಲಿ ಹಸುವಿನ ಪಾಲು ನೂರಕ್ಕೆ 80ರಷ್ಟು, ಮೇಕೆಯದು 2ರಷ್ಟು. ಮೇಕೆ ಹಾಲಿನ ಉತ್ಪಾದನೆಯಲ್ಲಿ ಭಾರತ ಮೊದಲ ಸ್ಥಾನದಲ್ಲಿದೆ. ಆದರೂ ದೇಶದ ಒಟ್ಟು ಹಾಲಿನಲ್ಲಿ ಅದು ನೂರಕ್ಕೆ 3ರ ಆಸುಪಾಸು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 14.9 ಕೋಟಿ ಮೇಕೆಗಳಿದ್ದವು. ಜಮ್ನಾಪಾರಿ, ಬೀಟಲ್, ಬಾರ್ಬರಿ, ಸುರತಿ, ಜಖರಾನಾ ಹಾಲಿಗೆ ಹೆಸರಾದ ಭಾರತೀಯ ತಳಿಗಳು. ಸ್ವಿಟ್ಜರ್ಲೆಂಡಿನ ಸಾನೆನ್ ಜಗತ್ತಿನ ಹೈನು ಮೇಕೆಗಳಲ್ಲಿ ಮುಂಚೂಣಿಯದು. ಮಥುರಾ ಸಮೀಪದ ಮಖ್ದೂಮ್‌ನಲ್ಲಿ 1979ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆ ಈ ತಳಿಗಳ ಹಾಲಿನ ಗುಣವನ್ನು ಅಧ್ಯಯನ ಮಾಡುತ್ತಿದೆ.

ಕರ್ನಾಟಕದಲ್ಲಿ ಅದೇ ಗಣತಿಯಂತೆ ಮೇಕೆಗಳ ಸಂಖ್ಯೆ ಸುಮಾರು 61 ಲಕ್ಷ. ಬಿದರಿ, ನಂದಿದುರ್ಗ, ಉಸ್ಮಾನಾಬಾದಿ ಇಲ್ಲಿನ ತಳಿಗಳು. ಇವನ್ನು ಸಾಕುವುದು ಮುಖ್ಯವಾಗಿ ಮಾಂಸಕ್ಕಾಗಿ. ಕೆಚ್ಚಲಿನ ಹಾಲಿನಲ್ಲಿ ಮರಿಗಳ ಪಾಲು ಮೊದಲು, ಉಳಿದರೆ ಮನೆಗೆ. ಹಸುವಿನ ಹಾಲಿಗೆ ಹಳ್ಳಿ ಹಳ್ಳಿಯಲ್ಲಿ ಸಹಕಾರ ಸಂಘ, ಶೀತಲೀಕರಣ ಘಟಕ, ನಂದಿನಿಯಂಥ ಮಾರುಕಟ್ಟೆಯ ಹೆಸರು ಇವೆ. ಮೇಕೆ ಹಾಲಿಗೆ ಅಂಥ ವ್ಯವಸ್ಥೆಯಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ತಕ್ಕಂತೆ ಬಗೆಬಗೆಯ ಗಿಡಗಳನ್ನು ಮೇಯುವ ಹಿಂಡುಗಳ ಹಾಲು ದಿನದಿನಕ್ಕೆ ರುಚಿಯಲ್ಲಿ ಬದಲಾಗುವುದೂ, ಒಂದೊಂದು ಮೇಕೆ ಕೊಡುವ ಹಾಲು ಕಡಿಮೆಯಿರುವುದೂ ಸಂಗ್ರಹಣೆಗೆ ಅಡ್ಡಿ.

ಭಾರತದ ಕಾನೂನಿನ ಮಾನದಂಡದಲ್ಲಿ ಎರಡು ಹಾಲುಗಳಿಗೆ ಪ್ರತ್ಯೇಕ ಅಳತೆಗಳಿವೆ. ಹಸುವಿನ ಹಾಲಿನಲ್ಲಿ ಕನಿಷ್ಠ ಶೇಕಡಾ 3.2 ಕೊಬ್ಬು, 8.3 ಕೊಬ್ಬುರಹಿತ ಘನಾಂಶ ಇರಬೇಕು. ಬೆಲೆ ಹೆಚ್ಚಿರುವ ಮೇಕೆ ಹಾಲಿಗೆ ಹಸುವಿನ ಹಾಲು ಬೆರೆಸಿ ಮಾರುವುದು ಹಲವು ದೇಶಗಳಲ್ಲಿ ಕಂಡುಬಂದ ವಂಚನೆ. ಕೊಬ್ಬು ಮತ್ತು ಘನಾಂಶದ ಮಾಮೂಲು ಪರೀಕ್ಷೆಯಲ್ಲಿ ಈ ಬೆರಕೆ ಸಿಕ್ಕಿಬೀಳುವುದಿಲ್ಲ. ಪ್ರೋಟೀನ್ ವಿಂಗಡಣೆಯಿಂದ ಅಥವಾ ಹಾಲಿನಲ್ಲಿರುವ ಜೀವಕೋಶಗಳ ಡಿಎನ್ಎ ಪರೀಕ್ಷೆಯಿಂದ ಪತ್ತೆಯಾಗುತ್ತದೆ.